ಸೊಂಟದೆಲೆಯ ಸೆಳೆತ

ನೋವಿಗೆ ಅಂಕಿ ಬಂದು ಆರು ವರ್ಷವಾಗಿತ್ತು. ಮುಂಗೈಗೆ ಕಟ್ಟಿಕೊಳ್ಳುವ ಎರಡು ಬೆರಳಗಲದ ಪಟ್ಟಿ ಅದು. ಬೆವರಿನ ಉಪ್ಪು, ನಾಡಿಯ ಏರಿಳಿತ, ಸ್ನಾಯುವಿನ ಬಿಗಿತ ಈ ಮೂರನ್ನೂ ಓದಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ತೋರಿಸುತ್ತಿತ್ತು. ಮೊದಲು ಆಸ್ಪತ್ರೆಗಳಲ್ಲಿ ಮಾತ್ರ ಇದ್ದದ್ದು ಆಮೇಲೆ ಎಲ್ಲರ ಕೈಗೂ ಬಂತು. ಜನ ಬೇಗ ಒಗ್ಗಿಕೊಂಡರು. ತಲೆನೋವೆಂದು ರಜೆ ಕೇಳುವ ಗುಮಾಸ್ತ ಬಾಯಿ ತೆರೆಯದೆ ಕೈ ಚಾಚುತ್ತಿದ್ದ. ಅರವತ್ತು ದಾಟಿದವರಿಗೆ ಸೀಟು ಬಿಡಬೇಕೆಂದು ಬಸ್ಸಿನಲ್ಲಿ ಬೋರ್ಡು ಬಿದ್ದಾಗ, ಅದು ವಯಸ್ಸಿನ ಅರವತ್ತೋ ನೋವಿನ ಅರವತ್ತೋ ಎಂದು ಒಂದಷ್ಟು ದಿನ ಜಗಳವಾಯಿತು. ಸೊಸೆಯ ಅಂಕಿ ತನ್ನದಕ್ಕಿಂತ ಹೆಚ್ಚಿರುವುದನ್ನು ಕಂಡು, ಪಟ್ಟಿಯೇ ಕೆಟ್ಟಿದೆ ಎಂದು ತೀರ್ಮಾನಿಸಿದ ಅತ್ತೆಯರೂ ಇದ್ದರು.

ಬಾಗಲಕೋಟೆಯ ನೋವು ಮಾಪನ ಕೇಂದ್ರದಲ್ಲಿ ಡಾಕ್ಟರ್ ಸುಚರಿತಾಳಿಗೆ ಒಪ್ಪಿಸಿದ್ದ ಕೆಲಸ ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ನೋವನ್ನು ಅಳೆಯುವ ಪಟ್ಟಿ ಚಟವನ್ನೂ ಯಾಕೆ ಅಳೆಯಬಾರದು ಎಂಬುದು ಪ್ರಶ್ನೆ. ಒಂದು ವಸ್ತು ಬೇಕೇಬೇಕು ಅನ್ನಿಸಿದಾಗ ಬೆವರು, ನಾಡಿ, ಸ್ನಾಯು ಮೂರೂ ತಮ್ಮದೇ ರೀತಿಯಲ್ಲಿ ಬದಲಾಗುತ್ತವೆ. ಆ ಬದಲಾವಣೆಯನ್ನು ಯಂತ್ರಕ್ಕೆ ಕಲಿಸಬೇಕು. ಕಲಿಸುವ ಕ್ರಮ ಸರಳ. ಮೊದಲ ಮೂರು ತಿಂಗಳು ಪಟ್ಟಿ ದಿನಕ್ಕೆ ನಾಲ್ಕು ಸಲ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಕಟ್ಟಿಕೊಂಡವರು ಹೌದು ಅಥವಾ ಇಲ್ಲ ಅನ್ನುತ್ತಾರೆ. ಹೌದು ಅಂದ ಗಳಿಗೆಯಲ್ಲಿ ಮೈ ಹೇಗಿತ್ತೆಂಬುದನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಾದ ಮೇಲೆ ಕೇಳುವುದನ್ನು ಬಿಟ್ಟು, ಮೈ ನೋಡಿಯೇ ಎರಡನೇ ಅಂಕಿಯನ್ನು ತಾನಾಗಿ ಹೇಳತೊಡಗುತ್ತದೆ. ಮನುಷ್ಯರು ಸುಳ್ಳು ಹೇಳಬಹುದು, ಮೈ ಹೇಳಲಾರದು ಎಂದು ಸುಚರಿತಾ ತರಬೇತಿಗಳಲ್ಲಿ ಹೇಳುತ್ತಿದ್ದಳು.

ಆ ಪ್ರಶ್ನೆಯನ್ನು ಬರೆದವಳೂ ಅವಳೇ. ಕ್ರೇವಿಂಗ್ ಎಂಬುದಕ್ಕೆ ಕನ್ನಡದ ಮಾತು ಹುಡುಕಲು ಅವಳು ಎರಡು ದಿನ ತಲೆ ಕೆಡಿಸಿಕೊಂಡಿದ್ದಳು. 'ಚಟ' ಅಂದರೆ ಜನ ಮುನಿಸಿಕೊಳ್ಳುತ್ತಾರೆ. 'ಹಂಬಲ' ಅಂದರೆ ಭಾವಗೀತೆಯಾಗುತ್ತದೆ. ವಸ್ತುವಿನ ಹೆಸರನ್ನಂತೂ ಪ್ರಶ್ನೆಯಲ್ಲಿ ಎತ್ತಲೇಬಾರದು, ಎತ್ತಿದರೆ ಇಲ್ಲದ ಆಸೆಯೂ ಹುಟ್ಟುತ್ತದೆ ಎಂಬುದು ಈ ಕಸುಬಿನ ನಿಯಮ. ಕೊನೆಗೆ 'ಸೆಳೆತ' ಸಿಕ್ಕಿತು. 'ಇವತ್ತು ನಿಮಗೆ ಸೆಳೆತ ಇದೆಯೇ?' ಎಂಬ ನಾಲ್ಕೇ ಶಬ್ದದ ಅಚ್ಚುಕಟ್ಟಾದ ವಾಕ್ಯ. ನಿರ್ದೇಶಕರು ಓದಿ, ಕನ್ನಡ ಬಲ್ಲ ವಿಜ್ಞಾನಿ ಇದ್ದರೆ ಎಷ್ಟು ಅನುಕೂಲ ನೋಡಿ ಎಂದು ಸಭೆಯಲ್ಲೇ ಹೊಗಳಿದ್ದರು. ಅವಳಿಗೆ ಆ ದಿನವೆಲ್ಲ ಹಿಗ್ಗು.

ಪಟ್ಟಿ ಕಟ್ಟಿಸಿಕೊಂಡವರು ಇಳಗೇರಿಯ ನೇಕಾರರು, ಒಂದು ಸಾವಿರದ ಇನ್ನೂರ ಹನ್ನೆರಡು ಜನ. ಇಳಗೇರಿಯಲ್ಲಿ ಈಗಲೂ ಕುಣಿಮಗ್ಗ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನಕ್ಕೆ ಹತ್ತು ತಾಸು ಬಾಗಿ ಕೂತು ನೇಯಬೇಕು. ಮೂವತ್ತು ದಾಟುವಷ್ಟರಲ್ಲಿ ಸೊಂಟ ಹೋಗಿರುತ್ತದೆ. ಅದಕ್ಕೆ ಅವರ ಮದ್ದು ಸೊಂಟದೆಲೆ. ಊರ ಹಿಂದಿನ ಗುಡ್ಡದಲ್ಲಿ ಕಲ್ಲುಸಂದಿಯಿಂದ ಏಳುವ ಪೊದೆ, ದಪ್ಪನೆಯ ಸಣ್ಣ ಎಲೆ. ಅರ್ಧ ಎಲೆಯನ್ನು ಉಪ್ಪಿನ ಹರಳಿನೊಂದಿಗೆ ಜಗಿದರೆ ಅರ್ಧ ತಾಸಿನಲ್ಲಿ ನೋವು ಇಳಿಯುತ್ತದೆ. ಅಜ್ಜಂದಿರ ಕಾಲದಿಂದ ಜಗಿಯುತ್ತ ಬಂದಿದ್ದರು, ಹೊರಗಿನವರು ಯಾರೂ ಕೇಳಿರಲಿಲ್ಲ. ಐದು ವರ್ಷದ ಹಿಂದೆ ಯಾರೋ ಅದರ ಸತ್ವ ಇಳಿಸುವುದನ್ನು ಕಂಡುಹಿಡಿದು ಬಾಟಲಿಗೆ ತುಂಬಿದರು. ಹೆಬ್ಬೆಟ್ಟಿನಷ್ಟು ಬಾಟಲಿಯಲ್ಲಿ ಇನ್ನೂರು ಎಲೆಯ ಸತ್ವ. ಗಿಡಮೂಲಿಕೆ ತಾನೇ, ಅಪಾಯ ಏನು ಎಂದು ಜನ ಹನಿ ಲೆಕ್ಕ ಬಿಟ್ಟು ಗುಟುಕು ಲೆಕ್ಕಕ್ಕೆ ಇಳಿದರು. ಇಪ್ಪತ್ತೇಳು ಮಂದಿ ಸತ್ತ ಮೇಲೆ ಸರಕಾರ ಬಾಟಲಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಈಗ ಮಾತು ಗಿಡದ ಬುಡಕ್ಕೇ ಬಂದಿತ್ತು. ಎಲೆಯನ್ನೇ ನಿಷೇಧಿಸಿ ಗುಡ್ಡದ ಪೊದೆಗಳನ್ನು ಕೀಳಿಸಬೇಕು ಎಂದು ಸತ್ತವರ ಮನೆಯವರು ಮನವಿ ಕೊಟ್ಟಿದ್ದರು. ಕೀಳಿಸಿದರೆ ನಮ್ಮ ಸೊಂಟಕ್ಕೆ ಏನು ಕೊಡುತ್ತೀರಿ ಎಂದು ನೇಕಾರರು ಕೇಳುತ್ತಿದ್ದರು. ಟೀವಿಯಲ್ಲಿ ದಿನಾ ಸಂಜೆ ಇದೇ ಕಿರುಚಾಟ. ತೀರ್ಮಾನಕ್ಕೆಂದು ಒಂದು ಸಮಿತಿ ಸೋಮವಾರ ಬಾಗಲಕೋಟೆಯಲ್ಲಿ ಸೇರಲಿತ್ತು, ಅದರ ಮುಂದೆ ಇಡಬೇಕಾದ ವರದಿ ಸುಚರಿತಾಳದು. ಒಂದು ವರ್ಷದ ಅಳತೆಯ ಪ್ರಕಾರ ಇಳಗೇರಿಯ ನೇಕಾರರಲ್ಲಿ ನೂರಕ್ಕೆ ಎಂಬತ್ತಮೂರು ಜನರಿಗೆ ಎಲೆಯ ಸೆಳೆತ ಇತ್ತು. ನೂರಕ್ಕೆ ಎಂಬತ್ತಮೂರು ಎಂದ ಮೇಲೆ ಸಮಿತಿಗೆ ಯೋಚಿಸಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಇಪ್ಪತ್ತೇಳರಲ್ಲಿ ಒಬ್ಬ ಅವಳ ತಮ್ಮ ಉಲ್ಲಾಸ. ಅರಸೀಕೆರೆಯಿಂದ ಇಳಗೇರಿಗೆ ಬಂದು ನೇಕಾರರ ಸಂಘದಲ್ಲಿ ಸೀರೆಯ ವಿನ್ಯಾಸಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡುತ್ತಿದ್ದ. ಕೂತು ಕೂತು ಸೊಂಟ ಹಿಡಿದಾಗ ಎಲೆ ಜಗಿದ, ಆಮೇಲೆ ಬಾಟಲಿ ಹಿಡಿದ. ಅವನ ಕೊನೆಯ ಫೋನು ಬಂದಾಗ ಅವಳು ಯಾವುದೋ ಸಭೆಯಲ್ಲಿದ್ದಳು. "ಅಕ್ಕಾ, ಕರೀತಾ ಇದೆ. ಏನ್ ಮಾಡ್ಲಿ?" ಅಂದಿದ್ದ. ರಜೆಯ ದಿನವೂ ಸಂಘ ಕೆಲಸಕ್ಕೆ ಕರೆಯುತ್ತಿದೆ ಎಂದುಕೊಂಡು, "ಕರೆದ್ರೆ ಹೋಗೋ. ಇಲ್ಲದ ರಗಳೆ ಯಾಕೆ?" ಎಂದು ಇಟ್ಟುಬಿಟ್ಟಿದ್ದಳು. ಮೂರು ದಿನದ ಮೇಲೆ ಅವನ ಕೋಣೆಯ ಬಾಗಿಲು ಒಡೆಯಬೇಕಾಯಿತು. ಅದಾಗಿ ಮೂರು ವರ್ಷ. ಈ ಅಧ್ಯಯನವನ್ನು ಅವಳು ಕೇಳಿ ಪಡೆದುಕೊಂಡಿದ್ದಳು. ಎಲೆ ಬೇರುಸಹಿತ ಹೋಗಬೇಕೆಂಬ ಆಸೆ ಅವಳಿಗಿತ್ತು, ಅದನ್ನು ಅವಳು ತನ್ನಿಂದ ತಾನು ಮುಚ್ಚಿಟ್ಟೂ ಇರಲಿಲ್ಲ.

ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ, ಅದರ ಮೇಲೆ ಇಳಗೇರಿಯ ಓಣಿಗಳ ನಕ್ಷೆ. ಒಬ್ಬೊಬ್ಬ ನೇಕಾರನೂ ಒಂದೊಂದು ಚುಕ್ಕೆ. ಸೆಳೆತ ಏರಿದರೆ ಕೆಂಪು, ಇಳಿದರೆ ಹಸಿರು. ಅದನ್ನು ನೋಡಿಕೊಳ್ಳುವ ತಂತ್ರಜ್ಞ ಅತ್ತಾರ ಬಾಗಲಕೋಟೆಯವನೇ, ನಾಲಿಗೆ ಸ್ವಲ್ಪ ಚುರುಕು. ಅವನ ಪರದೆಯಲ್ಲಿ ಎರಡನೇ ಅಂಕಿಗೆ 'ಚಟಸೂಚಿ' ಎಂಬ ಹೆಸರಿತ್ತು. ಪಟ್ಟಿಯೊಳಗಿನ ದನಿ ಜನರನ್ನು ಏನು ಕೇಳುತ್ತದೆಂದು ಅವನು ಕೇಳಿದವನಲ್ಲ.

ಶುಕ್ರವಾರ ವರದಿಯ ಕೊನೆಯ ಚಿತ್ರಗಳನ್ನು ತೆಗೆಯುತ್ತಿದ್ದಾಗ ಅವನು ಕುರ್ಚಿ ತಿರುಗಿಸಿ ಕೇಳಿದ: "ಮೇಡಂ, ಅಮಾಸಿ ದಿನ ಮಗ್ಗಕ್ಕ ರಜಾ, ಅದು ಸರಿ. ಚಟಕ್ಕೂ ರಜಾ ಕೊಡ್ತಾರೇನ್ರಿ ಇವರು?"

ಅಮಾವಾಸ್ಯೆಯಂದು ಇಳಗೇರಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಹನ್ನೆರಡು ಅಮಾವಾಸ್ಯೆಗಳಲ್ಲೂ ಪರದೆ ಮಧ್ಯಾಹ್ನದ ಹೊತ್ತಿಗೆ ಹಸಿರಾಗಿತ್ತು. ರಜೆಯ ದಿನ ನಿದ್ದೆ ಹೆಚ್ಚು, ಮನಸ್ಸು ಬೇರೆ ಕಡೆ ಇರುತ್ತದೆ ಎಂದು ಸುಚರಿತಾ ವಿವರಿಸಿ, ಅದನ್ನೇ ಒಂದು ಅಡಿಟಿಪ್ಪಣಿ ಮಾಡಿದಳು. ನೋವಿನ ಗೆರೆ ಮತ್ತು ಸೆಳೆತದ ಗೆರೆ ಅವಳಿ ಮಕ್ಕಳಂತೆ ಒಟ್ಟೊಟ್ಟಿಗೇ ಓಡುತ್ತಿದ್ದುದಕ್ಕೂ ಅವಳ ಬಳಿ ಉತ್ತರವಿತ್ತು. ಎಲೆ ಬಿಟ್ಟಾಗ ಎರಡೂ ಏರುವುದು ಸಹಜ. ಎಲೆಯನ್ನು ಮುಟ್ಟಿಯೇ ಇಲ್ಲ ಎಂದು ಬರೆಸಿದ್ದವರಲ್ಲೂ ತೊಂಬತ್ತು ಜನ ಕೆಂಪಾಗಿದ್ದರು. ಅವರನ್ನು 'ಸೇವನೆಯನ್ನು ಮರೆಮಾಚಿದವರು' ಎಂಬ ತಲೆಬರಹದ ಕೆಳಗೆ ಹಾಕಿದ್ದಳು. ಅತ್ತಾರ ತಲೆ ಕೆರೆದುಕೊಂಡು ಪರದೆಯ ಕಡೆ ತಿರುಗಿದ.

ಸಮಿತಿಗೆ ತೋರಿಸಲೆಂದು, ಪ್ರಶ್ನೆಯನ್ನೂ ಕೇಳಿ ಅಂಕಿಯನ್ನೂ ಹೇಳುವಂತೆ ಹೊಂದಿಸಿದ ಒಂದು ಹೊಸ ಪಟ್ಟಿಯನ್ನು ಶನಿವಾರ ಮನೆಗೆ ತಂದಳು. ಹೊಸದನ್ನು ಒಂದು ದಿನ ಯಾರಾದರೂ ಕಟ್ಟಿಕೊಂಡಿದ್ದರೆ ಅದು ಹದಕ್ಕೆ ಬರುತ್ತದೆ. ಮನೆಯಲ್ಲಿ ಇದ್ದದ್ದು ತಾಯಿ ಲಲಿತಮ್ಮ. ಉಲ್ಲಾಸ ಹೋದ ಮೇಲೆ ಅರಸೀಕೆರೆ ಬಿಟ್ಟು ಮಗಳ ಜೊತೆಗೇ ಇದ್ದರು. ಇಲ್ಲಿನ ರೊಟ್ಟಿ ಗಟ್ಟಿ, ನೀರು ಗಡಸು, ಬಿಸಿಲು ಜಾಸ್ತಿ ಎಂಬ ಮೂರು ದೂರು ಬಿಟ್ಟರೆ ನಾಲ್ಕನೆಯದು ಮಂಡಿ. ಕಾಫಿಗಿಂತ ಗಟ್ಟಿಯಾದ ಯಾವುದನ್ನೂ ಅವರು ಜನ್ಮದಲ್ಲಿ ನಾಲಿಗೆಗೆ ತಾಗಿಸಿದವರಲ್ಲ. ಪಟ್ಟಿ ಕಟ್ಟುವಾಗ ಅವರು ಮಗಳ ಕೈ ಹಿಡಿದುಕೊಂಡು, "ಸೋಮವಾರ ಆ ಎಲೆ ಸುಡಿಸ್ಬಿಡು ಸುಚಿ. ನನ್ ಮಗನ್ನ ತಿಂದ ಎಲೆ" ಅಂದರು. ಆಗಲಮ್ಮ ಅಂದಳು ಇವಳು.

ಮಧ್ಯಾಹ್ನ ಅವಳು ಸಾರಿಗೆ ಒಗ್ಗರಣೆ ಇಡುತ್ತಿದ್ದಳು. ಪಡಸಾಲೆಯಲ್ಲಿ ಪಟ್ಟಿ ತನ್ನ ನಯವಾದ ದನಿಯಲ್ಲಿ, ಇವತ್ತು ನಿಮಗೆ ಸೆಳೆತ ಇದೆಯೇ ಎಂದು ಕೇಳಿದ್ದು ಕೇಳಿಸಿತು.

"ಇದೆ ಕಣಪ್ಪ" ಎಂದರು ಲಲಿತಮ್ಮ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ. "ಮಂಡಿಯಿಂದ ಹಿಡಿದು ಪಾದದವರೆಗೂ ಸೆಳೀತಾನೇ ಇದೆ." ಆಮೇಲೆ ಒಳಗೆ ಕೇಳುವಂತೆ, "ಪಾಪ, ಎಷ್ಟು ಚೆನ್ನಾಗಿ ವಿಚಾರಿಸ್ಕೊಳ್ತಾನೆ ನೋಡೇ" ಅಂದರು.

ಸುಚರಿತಾ ಒಲೆ ಆರಿಸಿ ಹೊರಗೆ ಬಂದಳು. ಪಟ್ಟಿಯ ಮೇಲೆ ಸೆಳೆತ ಎಪ್ಪತ್ತನಾಲ್ಕು ಎಂದಿತ್ತು. ಸೆಳೆತ ಅಂದರೆ ಏನಮ್ಮ ಎಂದು ಕೇಳಿದಳು, ಗೊತ್ತಿದ್ದೂ ಕೇಳಿದಳು.

"ಸೆಳೆತ ಅಂದ್ರೆ ಸೆಳೆತ. ಕೈಕಾಲು ಸೆಳೆಯಲ್ವಾ? ಡಾಕ್ಟ್ರಾಗಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಮಾತು. ಚಿಕ್ಕವಳಿದ್ದಾಗ ಕಾಲು ಸೆಳೆಯುತ್ತದೆ ಎಂದು ಅತ್ತು ತಾಯಿಯಿಂದ ಎಣ್ಣೆ ತಿಕ್ಕಿಸಿಕೊಂಡವಳು ಅವಳೇ. ಮೇಜಿನ ಮುಂದೆ ಕೂತು ಪ್ರಶ್ನೆ ಬರೆಯುವಾಗ ಮಾತ್ರ ಆ ಸೆಳೆತ ನೆನಪಿಗೇ ಬಂದಿರಲಿಲ್ಲ, ಪುಸ್ತಕದಲ್ಲಿ ಓದಿದ ಸೆಳೆತವೊಂದೇ ನೆನಪಿಗೆ ಬಂದಿತ್ತು. ಮೂರು ತಿಂಗಳು ಇಳಗೇರಿಯ ಜನ ತಮ್ಮ ಸೊಂಟದ ಬಗ್ಗೆ ಹೌದು ಅಂದಿದ್ದರು. ಯಂತ್ರ ಅವರ ನೋವನ್ನು ಚಟವೆಂದು ಕಲಿತಿತ್ತು. ಆಮೇಲೆ ಅದು ಕೇಳುವುದನ್ನೇ ಬಿಟ್ಟದ್ದರಿಂದ, ತಿದ್ದುವ ಅವಕಾಶ ಯಾರಿಗೂ ಸಿಗಲಿಲ್ಲ. ಅಮಾವಾಸ್ಯೆಯ ಹಸಿರು, ಅವಳಿ ಗೆರೆಗಳು, ತಾನು ಸುಳ್ಳುಗಾರರೆಂದು ಬರೆದ ತೊಂಬತ್ತು ಜನ, ಎಲ್ಲವೂ ಒಂದೇ ಏಟಿಗೆ ಅರ್ಥವಾದವು. ಅವಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು: ತಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ, ಸೋಮವಾರ ಎಲೆ ಹೋಗುತ್ತದೆ. ಆ ಯೋಚನೆಯ ಜೊತೆಗೇ ಅವಳು ಊಟ ಮಾಡಿದಳು. ಸಾರಿಗೆ ಉಪ್ಪು ಹಾಕಿಲ್ಲ ಎಂದು ತಾಯಿ ಹೇಳಿದ ಮೇಲೆ ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಇಳಗೇರಿಯ ಬಸ್ಸು ಹತ್ತಿದಳು. ಹೋಗಿ ಏನು ಮಾಡಬೇಕೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಏಳನೇ ನಂಬರಿನ ಪಟ್ಟಿಯನ್ನು ತಾನೇ ಕೈಯಾರೆ ಕಟ್ಟಿದ್ದ ಸಂಕವ್ವ ಎಂಬ ಮುದುಕಿ ನೆನಪಿದ್ದಳು. ಅರವತ್ತೆಂಟರ ಸಂಕವ್ವ ಈಗ ಮಗ್ಗಕ್ಕೆ ಇಳಿಯುತ್ತಿರಲಿಲ್ಲ, ನೂಲು ಸುತ್ತುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಆ ಓಣಿಯ ಎಲೆಪೆಟ್ಟಿಗೆ ಅವಳ ವಶದಲ್ಲಿತ್ತು. ಒಳಗಿನಿಂದ ಸೊಸೆ ಶಶಿಕಲಾಳ ಮಗ್ಗದ ಸದ್ದು ಬರುತ್ತಿತ್ತು.

ಚಹಾ ಆಯಿತು, ಬಿಸಿಲಿನ ಮಾತಾಯಿತು. ಪಟ್ಟಿ ಸೆಳೆತ ಇದೆಯೇ ಎಂದು ಕೇಳುತ್ತಿದ್ದಾಗ ನೀವು ಏನೆಂದು ತಿಳಿದು ಹೌದು ಅನ್ನುತ್ತಿದ್ದಿರಿ ಎಂದು ಸುಚರಿತಾ ಕೇಳಿದಳು. ಸಂಕವ್ವ ಅವಳನ್ನು ಒಂದು ನಮೂನೆ ನೋಡಿದಳು. ಸೊಂಟ ಸೆಳೆಯುತ್ತದೆ, ಅದಕ್ಕೇ ಹೌದು ಅಂದೆವು, ಇದರಲ್ಲಿ ತಿಳಿಯುವುದೇನು ಬಂತು ಎಂಬ ಅರ್ಥದಲ್ಲಿ ಏನೋ ಹೇಳಿದಳು. ಪೆಟ್ಟಿಗೆಯ ಪದ್ಧತಿಯನ್ನೂ ಕೇಳಿದ್ದಕ್ಕೆ ವಿವರಿಸಿದಳು. ಎಲೆಯನ್ನು ಯಾರೂ ತಮ್ಮ ಕೈಯಾರೆ ತೆಗೆದುಕೊಂಡು ತಿನ್ನುವಂತಿಲ್ಲ. ಓಣಿಯ ಹಿರಿಯಳೊಬ್ಬಳು ಪೆಟ್ಟಿಗೆ ಇಟ್ಟುಕೊಂಡಿರುತ್ತಾಳೆ. ನೋವಿದ್ದವರು ಬಂದು ಕೈ ಒಡ್ಡಬೇಕು, ಅವಳು ಮುಖ ನೋಡಿ, ಎರಡು ಮಾತಾಡಿಸಿ, ಅರ್ಧ ಎಲೆ ಕೊಡಬೇಕು.

ಮುಖ ನೋಡುವುದು ಯಾಕೆ ಎಂದಳು ಸುಚರಿತಾ.

"ಸೆಳೀತೈತೋ ಕರೀತೈತೋ ನೋಡಬೇಕಲ್ರಿ ಬಾಯಾರ" ಎಂದಳು ಸಂಕವ್ವ. "ಸೆಳದ್ರ ಕೊಡ್ತೀವಿ. ಕರದ್ರ ಕೊಡೂದಿಲ್ಲ."

"ಕರೆಯೋದು ಅಂದ್ರೆ?"

"ಎಲಿ ಕರೀತೈತ್ರಿ. ನೋವು ಇರೂದಿಲ್ಲ, ಏನೂ ಇರೂದಿಲ್ಲ. ಸುಮ್ನ ಕುಂತಾಗ, ಬಾ ಬಾ ಅಂತ ಕರದಂಗ ಆಗ್ತೈತಿ. ಹಂಗ ಅನಸಿದವ್ರು ಬಂದು ಹೇಳಬೇಕು, ಕರೀತೈತಿ ಅಂತ. ಹೇಳಿದವ್ರಿಗೆ ಒಂದು ತಿಂಗಳು ಎಲಿ ಇಲ್ಲ. ಯಾರರೆ ಒಬ್ರು ಜೋಡಿ ಇರ್ತೀವಿ. ಹೋಗಬ್ಯಾಡ ಅಂತೀವಿ."

ಸುಚರಿತಾ ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು. ಹೋಗಬ್ಯಾಡ ಅಂತೀವಿ. ಉಲ್ಲಾಸ ಈ ಓಣಿಯಲ್ಲಿ ಎರಡು ವರ್ಷ ಇದ್ದವನು, ಇಲ್ಲಿನ ಮಾತು ಕಲಿತಿದ್ದವನು. ಕರೀತಾ ಇದೆ, ಏನು ಮಾಡಲಿ ಎಂದು ಕೇಳಿದ್ದ. ಇಲ್ಲಿನ ಯಾರಾದರೂ ಆಗಿದ್ದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದ ಮಾತಿಗೆ ಅವಳು ಹೋಗು ಅಂದಿದ್ದಳು. ಅಳು ಬಂತು, ತಡೆಯಲು ಆಗಲಿಲ್ಲ.

ಸಂಕವ್ವ ನೂಲು ಬದಿಗಿಟ್ಟು ಹತ್ತಿರ ಸರಿದಳು. ಇವಳು ಉಲ್ಲಾಸನ ಅಕ್ಕ ಎಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತಂತೆ, ತಾನಾಗಿ ಎತ್ತಬಾರದೆಂದು ಸುಮ್ಮನಿದ್ದಳಂತೆ. ಅವನಿಗೂ ಅವಳೇ ಎಲೆ ಕೊಡುತ್ತಿದ್ದದ್ದು. ಒಂದು ದಿನ ಮುಖ ನೋಡಿ, ಇನ್ನು ಒಂದು ತಿಂಗಳು ಇಲ್ಲ ಎಂದು ಪೆಟ್ಟಿಗೆ ಮುಚ್ಚಿದಳು. ಜೊತೆಗೆ ಯಾರೂ ಬೇಡ ಎಂದು ಅವನು ತಲೆಯಾಡಿಸಿ ಹೋದ. ಮರುವಾರ ಅವನ ಕೋಣೆಯಲ್ಲಿ ಬಾಟಲಿ ಕಂಡಿತು. "ಬಾಟ್ಲಿಗೆ ಯಾರೂ ಮುಖಾ ನೋಡಿ ಕೊಡಬೇಕಂತಿಲ್ಲಲ್ಲ ತಂಗಿ" ಎಂದಳು. "ನಾ ಎಲಿ ಕೊಡಲಿಲ್ಲ ಅಂತ ಅಂವ ಅದನ್ನ ತಂದ. ಕೊಡಬೇಕಿತ್ತೇನೋ ಅಂತ ಈಗೂ ಅನಸ್ತೈತಿ."

ಏಳುವ ಮುಂಚೆ, ನಿಮಗೆ ಸೊಂಟ ಸೆಳೆದರೆ ಎಲೆ ಕೊಡುವವರು ಯಾರು ಎಂದು ಸುಚರಿತಾ ಸುಮ್ಮನೆ ಕೇಳಿದಳು. ಸೊಸೆ ಕೊಡುತ್ತಾಳೆ ಎಂದಳು ಸಂಕವ್ವ. ಒಳಗೆ ಮಗ್ಗದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುವಾಗ ತಾಯಿಗೆ ಎಲ್ಲವನ್ನೂ ಹೇಳಿದಳು. ಪ್ರಶ್ನೆಯ ತಪ್ಪು, ಎಲೆಯ ಪೆಟ್ಟಿಗೆ, ಉಲ್ಲಾಸನ ಫೋನು. ಲಲಿತಮ್ಮ ಲೋಟ ಹಿಡಿದೇ ಕೂತಿದ್ದರು. "ನಿಂಗೆ ಅರ್ಥ ಆಗಿದ್ರೆ ಹೋಗು ಅಂತಿದ್ಯಾ?" ಎಂದು ಕೇಳಿದರು.

"ಇಲ್ಲಮ್ಮ."

"ಸರಿ ಮತ್ತೆ. ಅಲ್ಲಿ ಇರೋದನ್ನ ಇದ್ದ ಹಾಗೆ ಹೇಳಿ ಬಾ." ಅಷ್ಟು ಹೇಳಿ ಅವರು ತಣ್ಣಗಾದ ಕಾಫಿಯನ್ನು ಸುರಿಯಲು ಒಳಗೆ ಹೋದರು. ನಲ್ಲಿಯ ನೀರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟೇ ಇತ್ತು.

ಸಮಿತಿಯಲ್ಲಿ ಐದು ಜನ, ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಎದುರಿನ ಕುರ್ಚಿಗಳಲ್ಲಿ ಮನವಿ ಕೊಟ್ಟವರು, ನೇಕಾರರು, ಬಾಟಲಿ ಮಾಡುವ ಕಂಪನಿಯ ವಕೀಲರು. ಮನವಿಯ ಪರವಾಗಿ ಮೊದಲು ಮಾತಾಡಿದವರು ಪದ್ಮರಾಜ ಎಂಬ ನಿವೃತ್ತ ಮೇಷ್ಟ್ರು, ಮಗಳನ್ನು ಕಳೆದುಕೊಂಡವರು. ಎಲೆ ಇರುವ ತನಕ ಸತ್ವ ಇಳಿಸುವವರೂ ಇರುತ್ತಾರೆ, ಈ ಬಾಟಲಿ ನಿಲ್ಲಿಸಿದರೆ ಇನ್ನೊಂದು ಹೆಸರಿನ ಬಾಟಲಿ ಬರುತ್ತದೆ ಎಂದು ಅವರು ಹೇಳಿದರು. ಅವರ ಮಾತಿನಲ್ಲಿ ಸತ್ಯವಿತ್ತು, ಸುಚರಿತಾಳಿಗೂ ಅದು ಗೊತ್ತಿತ್ತು. ನೇಕಾರರ ಪರವಾಗಿ ಒಬ್ಬ ಎದ್ದು ನಿಂತು, ಅಂಗಿ ಎತ್ತಿ ಬೆನ್ನು ತೋರಿಸಿ ಕೂತುಬಿಟ್ಟ.

ಅವಳ ಸರದಿ ಬಂದಾಗ ವರದಿಯ ಪ್ರತಿಗಳನ್ನು ಹಂಚಲಿಲ್ಲ. ಹೊಸ ಪಟ್ಟಿಯನ್ನು ಅಧ್ಯಕ್ಷರ ಕೈಗೇ ಕಟ್ಟಿದಳು. ಇವತ್ತು ನಿಮಗೆ ಸೆಳೆತ ಇದೆಯೇ ಎಂದು ಅದು ಕೇಳಿತು. ಎಪ್ಪತ್ತು ದಾಟಿದ ಅಧ್ಯಕ್ಷರು ಯೋಚಿಸದೆ, "ಇದೆ, ಎಡ ಭುಜದಲ್ಲಿ" ಎಂದರು. ಸಭೆಯಲ್ಲಿ ಯಾರೋ ನಕ್ಕರು. ಸುಚರಿತಾ ನಗದೆ ಆ ಉತ್ತರ ತನ್ನ ಯಂತ್ರದಲ್ಲಿ ಏನಾಗುತ್ತದೆ ಎಂದು ಹಂತಹಂತವಾಗಿ ವಿವರಿಸಿದಳು. ಪ್ರಶ್ನೆ ಬರೆದವಳು ತಾನೇ ಎಂದೂ, ಸುಳ್ಳುಗಾರರೆಂದು ತಾನು ಬರೆದಿದ್ದ ತೊಂಬತ್ತು ಜನರ ಕ್ಷಮೆ ಕೇಳುತ್ತೇನೆಂದೂ ಹೇಳಿದಳು.

"ಹಾಗಾದರೆ ಈ ಎಂಬತ್ತಮೂರು ಸುಳ್ಳೇ?" ಎಂದು ಅಧ್ಯಕ್ಷರು ಕೇಳಿದರು.

"ಅಳತೆ ಸರಿಯಾಗಿದೆ ಸರ್. ಹೆಸರು ತಪ್ಪಿದೆ. ಅದು ಅವರ ಸೊಂಟನೋವು."

ಕಂಪನಿಯ ವಕೀಲರು ಅವಕಾಶ ಬಿಡಲಿಲ್ಲ. ಚಟವೇ ಇಲ್ಲವೆಂದ ಮೇಲೆ ತಮ್ಮ ಬಾಟಲಿಯ ತಡೆಯನ್ನೂ ತೆಗೆಯಬೇಕಲ್ಲವೇ ಎಂದು ಎದ್ದರು. ಚಟ ಇಲ್ಲವೆಂದು ತಾನು ಹೇಳಲಿಲ್ಲ, ಅದನ್ನು ತಾನಿನ್ನೂ ಅಳೆದೇ ಇಲ್ಲ ಎಂದಳು ಸುಚರಿತಾ. ಅದಕ್ಕೆ ಇಳಗೇರಿಯಲ್ಲಿ ಬೇರೆ ಮಾತಿದೆ, ಆ ಮಾತಿನಿಂದ ಮತ್ತೆ ಮೊದಲಿನಿಂದ ಕೇಳಬೇಕು. ಎಲೆಯನ್ನು ಒಬ್ಬರ ಮುಖ ನೋಡಿ ಇನ್ನೊಬ್ಬರು ಕೊಡುತ್ತಾರೆ, ಬಾಟಲಿಗೆ ಆ ತಡೆ ಇಲ್ಲ, ಆದ್ದರಿಂದ ಅದು ಈಗಿರುವಂತೆ ನಿಂತೇ ಇರಲಿ ಎಂದು ಕೇಳಿಕೊಂಡಳು.

ಪದ್ಮರಾಜ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. "ನಿಮ್ಮ ತಮ್ಮನ ಹೆಸರು ನಮ್ಮ ಮನವಿಯಲ್ಲಿ ಹದಿನಾಲ್ಕನೆಯದು" ಎಂದರು. "ಅದನ್ನೇನು ಮಾಡಲಿ?"

"ಇರಲಿ ಸರ್. ಅವನು ಸತ್ತಿದ್ದು ನಿಜ."

ಮೂರು ತಿಂಗಳ ಗಡುವು ಸಿಕ್ಕಿತು. ಅಲ್ಲಿಯವರೆಗೆ ಗುಡ್ಡದ ಪೊದೆಗಳನ್ನು ಮುಟ್ಟಬಾರದು, ಬಾಟಲಿ ತೆರೆಯಬಾರದು ಎಂದು ಸಮಿತಿ ಬರೆಯಿತು. ನಿರ್ದೇಶಕರು ಸುಚರಿತಾಳ ಮೇಲೆ ವಿಚಾರಣೆ ನಡೆಸಬೇಕೆಂದೂ, ಕೆಲಸ ಮಾತ್ರ ಅವಳೇ ಮುಗಿಸಬೇಕೆಂದೂ ಒಂದೇ ಆದೇಶದಲ್ಲಿ ಬರೆದರು. ಹಳೆಯ ಪಾಠವನ್ನು ಯಂತ್ರದಿಂದ ಅಳಿಸಿ, ಈ ಸಲ ಅದು ಕೇಳುವುದನ್ನು ಬಿಡದಂತೆ ಹೊಂದಿಸಿದ್ದಾಯಿತು. ಹೊಸ ಪ್ರಶ್ನೆಯನ್ನು ಈ ಸಲ ಅತ್ತಾರನ ದನಿಯಲ್ಲಿ ಮುದ್ರಿಸಿದರು: 'ಇವತ್ತು ಎಲಿ ಕರೀತೇನ್ರಿ?' ವಸ್ತುವಿನ ಹೆಸರು ಎತ್ತಬಾರದೆಂಬ ಕಸುಬಿನ ನಿಯಮ ಮುರಿದಿತ್ತು. ಹೆಸರಿಲ್ಲದೆ ಆ ಮಾತಿಗೆ ಅರ್ಥವೇ ಇರಲಿಲ್ಲ.

ಸುಳ್ಳು ಹೇಳುತ್ತಾರೇನೋ ಎಂಬ ಭಯ ಅವಳಿಗಿತ್ತು. ಕರೆಯಿತು ಎಂದರೆ ಎಲೆ ಕೈತಪ್ಪುವ ಸಂಭವವಿದೆ ಎಂದು ಈಗ ಎಲ್ಲರಿಗೂ ಗೊತ್ತು. ಆದರೆ ಕರೆದದ್ದನ್ನು ಹೇಳಿಬಿಡುವುದು ಇಳಗೇರಿಯ ಹಳೆಯ ಪದ್ಧತಿ, ಅದನ್ನು ಯಾವ ಸಮಿತಿಯೂ ಕಲಿಸಬೇಕಾಗಿರಲಿಲ್ಲ. ಮೂರು ತಿಂಗಳಲ್ಲಿ ಅರವತ್ತನಾಲ್ಕು ಜನ ಹೌದು ಅಂದರು. ಅಮಾವಾಸ್ಯೆಯಂದು ಪರದೆಯ ತುಂಬ ಹಸಿರಿದ್ದರೂ ಆ ಅರವತ್ತನಾಲ್ಕು ಚುಕ್ಕೆಗಳು ಕೆಂಪಗೇ ಉಳಿದವು. ಚಟಕ್ಕೆ ರಜೆ ಇಲ್ಲ ಎಂದು ಅತ್ತಾರನಿಗೂ ಖಾತ್ರಿಯಾಯಿತು.

ಪರದೆಯಲ್ಲಿ ಹೆಸರುಗಳಿರುವುದಿಲ್ಲ, ನಂಬರು ಮಾತ್ರ. ಹೌದು ಅಂದವರ ಸಾಲಿನಲ್ಲಿ, ಮೊದಲ ದಿನದ ಮೊದಲ ಪ್ರಶ್ನೆಗೇ ಹೌದು ಅಂದಿದ್ದ ನಂಬರನ್ನು ಅತ್ತಾರ ಬೆರಳಿಟ್ಟು ತೋರಿಸಿದ. ಅದು ಏಳು.

ವರದಿಯಲ್ಲಿ ಅರವತ್ತನಾಲ್ಕನ್ನೂ ಬರೆದು ಕಳಿಸಿದಳು. ಕಾಯಿದೆ ಬಂದದ್ದು ಮತ್ತೂ ನಾಲ್ಕು ತಿಂಗಳ ನಂತರ. ಬಾಟಲಿಗೆ ಪೂರ್ತಿ ನಿಷೇಧ. ಎಲೆಯನ್ನು 'ಸೇವಿಸುವ ವ್ಯಕ್ತಿಯಲ್ಲದ ಅನ್ಯ ವ್ಯಕ್ತಿಯ ಹಸ್ತದಿಂದ ಮಾತ್ರ' ಪಡೆಯತಕ್ಕದ್ದು. ಓಣಿಯವರಿಗೆ ಈ ಸಾಲನ್ನು ಓದಿ ಹೇಳಿದಾಗ, ಇಷ್ಟು ಹೇಳಲು ಇಷ್ಟು ಮಾತು ಬೇಕೇ ಎಂದು ನಕ್ಕರಂತೆ. ಪದ್ಮರಾಜ ಮೇಷ್ಟ್ರು ಮಾತ್ರ ನಗಲಿಲ್ಲ. ಇದು ಸಾಲದು ಎಂದು ಮತ್ತೊಂದು ಮನವಿ ಬರೆದು, ಹದಿನಾಲ್ಕನೆಯ ಹೆಸರನ್ನು ಉಳಿಸಿಕೊಳ್ಳಲು ಸುಚರಿತಾಳ ಒಪ್ಪಿಗೆ ಕೇಳಿದರು. ಅವಳು ಕೊಟ್ಟಳು.

ಆದರೆ ಇಳಗೇರಿಗೆ ಹೋಗಲು ಅವಳು ಕಾಯಿದೆಯವರೆಗೆ ಕಾದಿರಲಿಲ್ಲ. ಏಳನೇ ನಂಬರು ಕಂಡ ಮರುದಿನವೇ ಹೋಗಿದ್ದಳು. ಸಂಕವ್ವ ಕಟ್ಟೆಯ ಮೇಲೆಯೇ ಇದ್ದಳು, ಸ್ವಲ್ಪ ಸೊರಗಿದ್ದಳು. ಎಲೆಪೆಟ್ಟಿಗೆ ಅವಳ ಪಕ್ಕದಲ್ಲಿ ಇರಲಿಲ್ಲ. ಒಳಗೆ ಮಗ್ಗದ ಪಕ್ಕ, ಶಶಿಕಲಾಳ ಎಡಗೈಗೆ ಎಟಕುವಲ್ಲಿ ಇತ್ತು.

"ಸೊಸಿ ಕೊಡ್ತಾಳ ಅಂತ ಅವತ್ತ ನಿಮಗ ಸುಳ್ಳು ಹೇಳಿದೆ" ಎಂದು ಸಂಕವ್ವ ತಾನೇ ತೆಗೆದಳು. "ಹನ್ನೊಂದು ವರ್ಷ ಪೆಟ್ಟಿಗಿ ನನ್ನ ಕೈಯಾಗ ಇತ್ತು. ಎಲ್ಲಾರ ಮುಖಾ ನಾ ನೋಡತಿದ್ದೆ, ನನ್ನ ಮುಖಾ ನೋಡಾವ್ರು ಯಾರು? ನಾನ ತಗೊಂತಿದ್ದೆ. ನಿಮ್ಮ ತಮ್ಮಗ ಇಲ್ಲ ಅಂದ ದಿನಾನೂ ತಗೊಂಡೀನಿ."

ಸುಚರಿತಾ ಅವಳ ಪಕ್ಕ ಕೂತಳು. ಆ ಮುದುಕಿಯ ಮೇಲೆ ಅವಳಿಗೆ ಒಂದು ಗಳಿಗೆ ಸಿಟ್ಟು ಬಂದದ್ದು ನಿಜ, ಅದು ಇಳಿದದ್ದೂ ನಿಜ. ಕಡೆಗೆ, ಮೊದಲ ದಿನವೇ ಪಟ್ಟಿಗೆ ನಿಜ ಯಾಕೆ ಹೇಳಿದಿರಿ, ಇಲ್ಲ ಅನ್ನಬಹುದಿತ್ತಲ್ಲ ಎಂದಳು.

"ಯಾರೂ ಕೇಳಿರಲಿಲ್ಲ ತಂಗಿ. ಅದು ಕೇಳಿತು."

ಬಿಸಿಲು ಕಟ್ಟೆಯಿಂದ ಕೆಳಗಿಳಿದಿತ್ತು. ಒಳಗಿನಿಂದ ಲಾಳಿ ಅತ್ತಿಂದಿತ್ತ ಓಡುವ ಸದ್ದು ಬರುತ್ತಿತ್ತು. ಪ್ರಶ್ನೆ ಕೇಳಲು ಪಟ್ಟಿಗೆ ಇನ್ನೂ ಹೊತ್ತಿತ್ತು. ಸುಚರಿತಾ ಅದಕ್ಕೆ ಕಾಯದೆ ತಾನೇ ಕೇಳಿದಳು:

"ಇವತ್ತು ಕರೀತಾ ಸಂಕವ್ವ?"

"ಕರೀತ್ರಿ. ಮುಂಜಾನಿಂದ ಮೂರು ಸಲ." ಸಂಕವ್ವ ನೂಲಿನ ಎಳೆಯನ್ನು ಬೆರಳಿಗೆ ಸುತ್ತಿ ಬಿಗಿ ಮಾಡಿದಳು. "ಹೋಗಲಿಲ್ಲ."